ಬಚ್ಚಲಲ್ಲೂ ಬಿಚ್ಚದ ಒಡವೆ

ನಮ್ಮ ಮನೆ ಇರುವುದು ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ರಸ್ತೆಯಿಂದ ಒಳಗೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ನಮ್ಮಲ್ಲಿ ಅಷ್ಟಿಲ್ಲದಿದ್ದರೂ ಜೂನ್‌ನಲ್ಲಿ ಹಿಡಿದ ಮಳೆ ಬಿಡುವವರೆಗೆ ಒಗೆದ ಬಟ್ಟೆ ಬಚ್ಚಲ ಒಲೆಯ ಮೇಲಿನ ಹಗ್ಗದಲ್ಲೇ ಒಣಗಬೇಕು. ಇಂಥ ಕಡೆ ಇಪ್ಪತ್ತಾರು ವರ್ಷಗಳಿಂದ ನಾಲ್ಕು ಒಡವೆಗಳು ನನ್ನ ಮೈಮೇಲೆಯೇ ಇವೆ. ಕರಿಮಣಿ ಸರ, ಮೂಗುಬೊಟ್ಟು, ಒಂದು ಜೊತೆ ಬಳೆ, ಕಾಲುಂಗುರ. ಸ್ನಾನ, ಪಾತ್ರೆ, ಕೊಟ್ಟಿಗೆ, ತೋಟ, ಯಾವುದಕ್ಕೂ ಬಿಚ್ಚಿಡುವ ಪದ್ಧತಿ ನಮ್ಮಲ್ಲಿಲ್ಲ.

ಕಳೆದ ದೀಪಾವಳಿಗೆ ಬೆಂಗಳೂರಿನಿಂದ ಬಂದ ಮಗಳು ಕೈ ಚಾಚಿದಳು. ನೂಲಿನಷ್ಟು ತೆಳ್ಳಗಿನ ಚಿನ್ನದ ಕೈಸರ, ಕೊಕ್ಕೆಯೇ ಇಲ್ಲ. ಮಣಿಕಟ್ಟಿಗೆ ಸುತ್ತಿ, ಎರಡು ತುದಿಯನ್ನೂ ಪುಟ್ಟ ಉಂಗುರವೊಂದರಲ್ಲಿ ಸೇರಿಸಿ, ಕೈಮೇಲೆ ಇರುವಾಗಲೇ ಚಿಟಿಕೆ ಹೊಡೆಯುವಷ್ಟರಲ್ಲಿ ಬೆಸೆದುಬಿಟ್ಟರಂತೆ. “ಅಮ್ಮ, ಇದನ್ನು ಬಿಚ್ಚುವ ಹಾಗೇ ಇಲ್ಲ, ಹೊಸ ಫ್ಯಾಷನ್” ಎಂದಳು. ಹೊಸದು! ಅತ್ತೆಯೂ ನಾನೂ ಮುಖ ಮುಖ ನೋಡಿಕೊಂಡೆವು. ಆಮೇಲೆ ಅವಳು ಕೇಳಿದ್ದು ನೀರಿನ ವಿಚಾರ: ದಿನಾ ನೆನೆದರೆ ಹಾಳಾಗುವುದಿಲ್ಲವೇ? ಅದಕ್ಕೆ ನಾನು ಕೊಟ್ಟ ಉತ್ತರ ಉದ್ದವಾಯಿತು.

ಮದುವೆಯಾದ ಮೂರನೆಯ ಆಷಾಢದಲ್ಲಿ ಬಚ್ಚಲಿನಲ್ಲಿ ತಲೆಗೆ ನೀರು ಹೊಯ್ದುಕೊಳ್ಳುತ್ತಿದ್ದಾಗ ಕರಿಮಣಿ ಜರ್ರನೆ ಜಾರಿ ನೆಲದ ತುಂಬಾ ಉರುಳಿತು. ಆಗ ನನ್ನದು ದಾರದಲ್ಲಿ ಪೋಣಿಸಿದ ಸರ. “ಅತ್ತೆ, ಕರಿಮಣಿ ಹರಿಯಿತು” ಎಂದು ಕೂಗಿದೆ. ಹೊರಗಿನಿಂದ ಮೊದಲು ಬಂದದ್ದು ಬೈಗುಳ: “ಹರಿಯಿತು ಅನ್ನಬೇಡ, ಹೆಚ್ಚಿತು ಅನ್ನು.” ಹೆಚ್ಚಿದ್ದನ್ನು ಇಬ್ಬರೂ ಕೂತು ಹೆಕ್ಕಿದೆವು. ತಾಳಿ ಬಚ್ಚಲ ತೂಬಿನ ಬಾಯಲ್ಲಿ ಸಿಕ್ಕಿತು. ಸರ ಸರಿಯಾಗಿ ಬರುವವರೆಗೆ ಕೊರಳಿಗೆ ಅರಿಶಿನ ಕೊಂಬು ಕಟ್ಟಿದ ದಾರ.

ಆ ದಾರದ ತುದಿಯನ್ನು ಬೆಳಕಿಗೆ ಹಿಡಿದು ನೋಡಿದಾಗ ವಿಷಯ ತಿಳಿಯಿತು. ಮಣಿಗಳ ಒಳಗೆ ದಾರ ಕೊಳೆತು ಕಪ್ಪಾಗಿತ್ತು. ಹೊರಗಿನ ಮಣಿ ಗಾಜು, ಗುಂಡು ಚಿನ್ನ, ಎರಡಕ್ಕೂ ನೀರಿನಿಂದ ಕೂದಲು ಕೊಂಕಿರಲಿಲ್ಲ. ಒಣಗದೆ ಉಳಿದ ಜಾಗ ಮಾತ್ರ ಹೋಗಿತ್ತು. ಆ ವರ್ಷವೇ ಚಿನ್ನದ ತಂತಿಯಲ್ಲಿ ಕಟ್ಟಿಸಿಕೊಂಡೆ. ಅಲ್ಲಿಗೆ ಚಿಂತೆ ಮುಗಿಯಿತು ಎಂದುಕೊಂಡದ್ದು ನನ್ನ ತಪ್ಪು. ಏಳೆಂಟು ವರ್ಷ ಕಳೆದ ಮೇಲೆ ಒಡವೆ ಮಾಡುವ ಶೇಟರು ಸರವನ್ನು ಬೆರಳ ಮೇಲೆ ಎಳೆದು ನೋಡಿ, “ಅಮ್ಮ, ಇಲ್ಲಿ ನೋಡಿ” ಎಂದರು. ಕೊಂಡಿಯ ಹತ್ತಿರದ ಎರಡು ಬಳಸು, ಅಂದರೆ ತಂತಿಯ ಸುತ್ತು, ಅರ್ಧಕ್ಕೆ ಸವೆದಿದ್ದವು. ಸಾಬೂನಿನ ಜಿಡ್ಡು, ಅದಕ್ಕೆ ಅಂಟಿದ ನುಣ್ಣನೆಯ ಮಣ್ಣು, ಎರಡೂ ಸೇರಿ ಬಳಸುಗಳ ನಡುವೆ ಅರದ ಕೆಲಸ ಮಾಡುತ್ತವೆ ಎಂದು ಅವರು ಹೇಳಿಕೊಟ್ಟರು. 22 ಕ್ಯಾರೆಟ್ ಎಂದರೆ ನೂರಕ್ಕೆ 91.6 ಭಾಗ ಚಿನ್ನ, ಮೆತ್ತಗಿನ ಲೋಹ. ಅದು ಸವೆಯುವುದಕ್ಕೆ ಹೆಚ್ಚು ಹೊತ್ತು ಬೇಡ.

ಅಂದಿನಿಂದ ನಡೆಸಿಕೊಂಡು ಬಂದ ರೂಢಿ ಹೀಗಿದೆ. ಸ್ನಾನದ ಕೊನೆಯ ಎರಡು ಚೊಂಬು ನೀರು ಸರಕ್ಕೆ. ಎತ್ತಿ ಹಿಡಿದು ಹಿಂದೆ ಮುಂದೆ ಹೊಯ್ಯುತ್ತೇನೆ. ನಮ್ಮ ಬಾವಿಯ ನೀರು ಮೆದು, ಸಾಬೂನು ನೊರೆ ಬೇಗ ಬಿಡುವುದಿಲ್ಲ, ಹಾಗಾಗಿ ಒಂದು ಚೊಂಬು ಸಾಲದು. ಆಮೇಲೆ ಹಳೆಯ ಪಂಚೆಯ ತುಂಡಿನಲ್ಲಿ ಸರವನ್ನು ಒತ್ತುತ್ತೇನೆ, ಉಜ್ಜುವುದಿಲ್ಲ. ಕೊರಳ ಹಿಂಭಾಗವನ್ನು ಮರೆಯಬಾರದು. ನೀರು ಕೂರುವುದು, ಬೆವರುಸಾಲೆ ಏಳುವುದು ಅಲ್ಲೇ. ತಿಂಗಳಿಗೊಮ್ಮೆ ಬಿಸಿನೀರಿನಲ್ಲಿ ನಾಲ್ಕು ಅಂಟುವಾಳ ಕಾಯಿ ನೆನೆಸಿ, ಆ ನೊರೆಯಲ್ಲಿ ಮಗುವಿನ ಹಲ್ಲುಜ್ಜುವ ಬ್ರಷ್‌ನಿಂದ ಮೆಲ್ಲಗೆ ತಿಕ್ಕಿ ತೊಳೆಯುತ್ತೇನೆ. ಸವೆತ ಕಂಡುಹಿಡಿಯುವುದಕ್ಕೆ ನನ್ನದೊಂದು ಉಪಾಯವಿದೆ: ಒಣಗಿದ ಸರವನ್ನು ವಾಯಿಲ್ ಸೀರೆಯ ಸೆರಗಿನ ಮೇಲೆ ನಿಧಾನವಾಗಿ ಎಳೆಯುವುದು. ಎಲ್ಲಿ ನೂಲು ಸಿಕ್ಕಿಕೊಳ್ಳುತ್ತದೆಯೋ ಅಲ್ಲಿ ಬಳಸು ಬಾಯಿ ತೆರೆದಿದೆ ಅಥವಾ ಚೂಪಾಗಿದೆ.

ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ದಿನಗಳಲ್ಲಿ ಮಾತ್ರ ರೂಢಿ ಬೇರೆ. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಕಲಕುವುದಕ್ಕೆ ನಿಂತರೆ ನೀಲಿ ಹನಿ ಕೊರಳವರೆಗೆ ಹಾರುತ್ತದೆ. ಒಣಗಿದ ಮೇಲೆ ಅದು ಬಳಸುಗಳ ಸಂದಿನಲ್ಲಿ ಗಾರೆಯಂತೆ ಕಚ್ಚಿಕೊಳ್ಳುತ್ತದೆ. ಹನಿ ಹಸಿಯಾಗಿರುವಾಗಲೇ ನೀರು ಹೊಯ್ದುಕೊಂಡರೆ ಹೋಯಿತು, ಇಲ್ಲವಾದರೆ ಅರ್ಧ ಗಂಟೆ ಬ್ರಷ್ ಹಿಡಿದು ಕೂರಬೇಕು. ಅಡಿಕೆ ಬೇಯಿಸುವ ಕಾಲದ ಚೊಗರು, ಅಂದರೆ ಬೇಯಿಸಿದ ನೀರಿನ ಕಪ್ಪು ರಸ, ಅಷ್ಟು ಹಟಮಾರಿಯಲ್ಲ. ಬೆರಳ ಕಪ್ಪು ವಾರಗಟ್ಟಲೆ ಉಳಿದರೂ ಬಳೆಯದು ಎರಡು ತೊಳೆತಕ್ಕೆ ಬಿಡುತ್ತದೆ.

ಬಳೆ ಎಂದ ಮೇಲೆ ಒಂದು ಅವಮಾನವನ್ನೂ ಹೇಳಿಬಿಡಬೇಕು. ತವರಿನಲ್ಲಿ ಕೊಟ್ಟ ಬಳೆಗಳು ಟೊಳ್ಳು, ಒಳಗೆ ಅರಗು ತುಂಬಿದವು. ಅದು ಗೊತ್ತಿದ್ದೂ, ಒಮ್ಮೆ ಜಿಡ್ಡು ಚೆನ್ನಾಗಿ ಬಿಡಲಿ ಎಂದು ಅವನ್ನು ಕಳಚಿ ಕುದಿಯುವ ನೀರಿಗೆ ಹಾಕಿದೆ. ಅರಗು ಮೆತ್ತಗಾಗಿ ಬೆಸುಗೆಯ ಸಂದಿನಿಂದ ಇಣುಕಿತು. ಚಿನ್ನದ ತಗಡು ಒಂದು ಕಡೆ ಒಳಕ್ಕೆ ಕುಸಿಯಿತು. ರಿಪೇರಿಗೆ ಕೊಟ್ಟ ದುಡ್ಡನ್ನು ಮನೆಯವರಿಗೆ ಇಂದಿಗೂ ಪೂರ್ತಿ ಹೇಳಿಲ್ಲ. ಅರಗಿನ ಒಡವೆಗೆ ಉಗುರು ಬೆಚ್ಚಗಿನ ನೀರು, ಅದೂ ಎರಡು ನಿಮಿಷ, ಅಷ್ಟೇ.

ಮೂಗುಬೊಟ್ಟಿನದು ಸಣ್ಣ ಕಥೆ. ಹರಳಿನ ಹಿಂದೆ ಸಾಬೂನು ಕೂತು ಕಲ್ಲು ಮಂಕಾಗುತ್ತದೆ. ತಿರುಪನ್ನು ವಾರಕ್ಕೊಮ್ಮೆ ಮುಟ್ಟಿ ನೋಡದಿದ್ದರೆ ಮುಖ ತೊಳೆಯುವಾಗ ಉದುರುತ್ತದೆ.

ಕಾಲುಂಗುರ ನನ್ನನ್ನು ಸೋಲಿಸಿದೆ. ಬೆಳ್ಳಿಗೆ ಬರಿಯ ನೀರಿನ ಭಯವಿಲ್ಲ, ಗಂಧಕದ ಭಯವಿದೆ. ಮಳೆಗಾಲದಲ್ಲಿ ಬೆರಳ ಸಂದು ಹುಣ್ಣಾದಾಗ ಹಚ್ಚಿಕೊಂಡ ಗಂಧಕದ ಮುಲಾಮು ಒಂದೇ ರಾತ್ರಿಯಲ್ಲಿ ಅದನ್ನು ಮಸಿ ಮಾಡಿತು. ಅಂಗಳದ ಪಾಚಿಗೆ ಬ್ಲೀಚಿಂಗ್ ಪುಡಿ ಎರಚಿ ಬರಿಗಾಲಲ್ಲಿ ತಿಕ್ಕಿದ ದಿನವೂ ಬಣ್ಣ ಕೆಟ್ಟಿತು. ಕಪ್ಪು ಹತ್ತಿದ್ದಕ್ಕೆ ಬಟ್ಟಲಿಗೆ ಅಲ್ಯೂಮಿನಿಯಂ ಹಾಳೆ ಹಾಸಿ, ಬಿಸಿನೀರು ಮತ್ತು ಒಂದು ಚಮಚ ಅಡುಗೆ ಸೋಡಾ ಹಾಕಿ, ಬೆಳ್ಳಿ ಹಾಳೆಗೆ ತಾಗುವಂತೆ ಇಡುತ್ತೇನೆ. ಬೆಳ್ಳಿಗೆ ಅಂಟಿದ ಗಂಧಕವನ್ನು ಅಲ್ಯೂಮಿನಿಯಂ ಎಳೆದುಕೊಳ್ಳುತ್ತದೆ, ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಹಲ್ಲುಪುಡಿಯಲ್ಲಿ ತಿಕ್ಕಿದರೂ ಹೊಳೆಯುತ್ತದೆ, ಆದರೆ ಬೆಳ್ಳಿಯನ್ನೇ ತಿಕ್ಕಿ ತೆಗೆದಂತೆ. ಇಷ್ಟಾದರೂ ಉಂಗುರದ ಕೆಳಗಿನ ಚರ್ಮ ಜುಲೈ ಹೊತ್ತಿಗೆ ಬಿಳಿಚಿಕೊಳ್ಳುತ್ತದೆ. ಈಗ ಸುತ್ತು ಕಡಿಮೆ ಇರುವ, ಅಗಲಿಸಲು ಬರುವ ಉಂಗುರ ಹಾಕಿಕೊಂಡು ರಾತ್ರಿ ಬೆರಳು ಒಣಗಿಸುತ್ತೇನೆ. ಅತ್ತೆ ನೋಡಿಯೂ ನೋಡದಂತಿರುತ್ತಾರೆ.

ಇನ್ನು ಮಗಳ ಕೈಸರ. ಅದು 14 ಕ್ಯಾರೆಟ್, ಚಿನ್ನ 58.5 ಭಾಗ, ಮಿಕ್ಕದ್ದು ತಾಮ್ರ, ಬೆಳ್ಳಿಯಂಥವು. ಗಟ್ಟಿ ಹೌದು. ಆದರೆ ಅವಳು ವಾರಕ್ಕೆರಡು ದಿನ ಈಜುಕೊಳಕ್ಕೆ ಹೋಗುತ್ತಾಳೆ, ಕ್ಲೋರಿನ್ ಕೈಹಾಕುವುದು ಆ ಮಿಕ್ಕ ಲೋಹಗಳಿಗೇ. ಕೊಳದಿಂದ ಎದ್ದೊಡನೆ ಒಳ್ಳೆಯ ನೀರಿನಲ್ಲಿ ತೊಳೆ, ಶೌಚಾಲಯ ತೊಳೆಯುವಾಗ ಗವಸು ಹಾಕು ಎಂದೆ. ಒಂದು ಗ್ರಾಂ ಚಿನ್ನದ ಒಡವೆಯಾಗಿದ್ದರೆ ಇಷ್ಟು ಹೇಳುತ್ತಲೇ ಇರಲಿಲ್ಲ. ಮೇಲಿನ ಲೇಪ ದಿನನಿತ್ಯದ ತಿಕ್ಕಾಟಕ್ಕೆ ನಿಲ್ಲುವುದಿಲ್ಲ, ಅದನ್ನು ಬೆಸೆದುಕೊಳ್ಳುವುದು ದಂಡ. ಎಂ.ಆರ್.ಐ. ಅಥವಾ ಶಸ್ತ್ರಚಿಕಿತ್ಸೆ ಬಂದರೆ ಬೆಸೆದ ಪುಟ್ಟ ಉಂಗುರವನ್ನಷ್ಟೇ ಕತ್ತರಿಸಬೇಕು, ಸರವನ್ನಲ್ಲ. ಆಮೇಲೆ ಮತ್ತೆ ಕೂಡಿಸಬಹುದು.

“ನನ್ನದು ಸ್ವಚ್ಛವಾಗಿಯೇ ಇದೆ, ದಿನಾ ಸಾಬೂನು ಹಾಕಿ ಸ್ನಾನ ಮಾಡುತ್ತೇನಲ್ಲ” ಎಂದು ವಾದಿಸಿದಳು. ಅವಳಿರುವ ಕಡೆ ಕೊಳವೆಬಾವಿಯ ಗಡಸು ನೀರು, ಸಾಬೂನಿನ ಜೊತೆ ಸೇರಿದರೆ ಬಿಳಿಯ ಕಸರಾಗುತ್ತದೆ. ನಾನು ಮಾತು ಬೆಳೆಸದೆ ಅಂಟುವಾಳದ ಬಟ್ಟಲನ್ನು ಅವಳ ಮುಂದಿಟ್ಟು, ಕೈ ಅದ್ದಿಸಿ, ಬ್ರಷ್ ಆಡಿಸಿದೆ. ಆಮೇಲೆ ತಿಳಿನೀರಿನ ಬಟ್ಟಲಿನಲ್ಲಿ ಜಾಲಿಸಿದಾಗ ನೀರು ಅಕ್ಕಿ ತೊಳೆದ ಕಲಗಚ್ಚಿನ ಹಾಗಾಗಿತ್ತು. ಅವಳು ಅದನ್ನು ನೋಡಿ, ಪಂಚೆಯ ತುಂಡು ಎಲ್ಲಿದೆ ಎಂದು ಕೇಳಿದಳು.