ಯಾವ ಬ್ಯಾಚಿನ ಸಿಲಬಸ್?

2024–25ರ ಮೊದಲ ಸೆಮಿಸ್ಟರ್ ಪರೀಕ್ಷೆಗೆ ಇನ್ನು ಹತ್ತು ದಿನ ಇತ್ತು. ಸ್ಟಾಫ್ ರೂಮಿನ ಬಾಗಿಲಲ್ಲಿ ಒಬ್ಬ ಹುಡುಗಿ ನಿಂತು, "ಮೇಡಂ, ಕಡೆಯ ಎರಡು ಯೂನಿಟ್ ನೀವು ಪಾಠನೇ ಮಾಡ್ಲಿಲ್ವಲ್ಲಾ" ಎಂದಳು. ಕೈಯಲ್ಲಿ ಜೆರಾಕ್ಸ್ ಅಂಗಡಿಯಲ್ಲಿ ಸ್ಪೈರಲ್ ಹಾಕಿಸಿದ್ದ ಸಿಲಬಸ್. ಪುಟಗಳ ಅಂಚಿನಲ್ಲೆಲ್ಲ ಪೆನ್ಸಿಲಿನ ಟಿಪ್ಪಣಿ. ತುಂಬ ಓದಿದ್ದಳು.

ತೆಗೆದುಕೊಂಡು ನೋಡಿದೆ. ಅದು ಎನ್‌ಇಪಿ, ಅಂದರೆ ರಾಷ್ಟ್ರೀಯ ಶಿಕ್ಷಣ ನೀತಿಯ ಸಿಲಬಸ್. ಅವಳು ಸೇರಿದ್ದು 2024ರಲ್ಲಿ. ಆ ವರ್ಷ ರಾಜ್ಯದಲ್ಲಿ ನಾಲ್ಕು ವರ್ಷದ ಪದವಿ ಬಿಟ್ಟು ಮತ್ತೆ ಮೂರು ವರ್ಷದ್ದು ಬಂದಿತ್ತು, ಹೊಸಬರಿಗೆ ಎಸ್‌ಇಪಿ, ಅಂದರೆ ರಾಜ್ಯ ಶಿಕ್ಷಣ ನೀತಿಯ ಸಿಲಬಸ್ ಇತ್ತು.

"ಎಲ್ಲಿ ಸಿಕ್ತಮ್ಮ ಇದು?"

"ನಮ್ಮ ಕಾಲೇಜ್ ವೆಬ್‌ಸೈಟಲ್ಲೇ ಮೇಡಂ. ಗೂಗಲ್ ಮಾಡಿದ್ರೆ ಮೊದಲು ಅದೇ ಬರುತ್ತೆ."

ಮುಂದಿನ ನಾಲ್ಕು ದಿನ ಊಟದ ಹೊತ್ತಿನಲ್ಲಿ ಅವಳ ಜೊತೆ ಕೂತು ಬಿಟ್ಟುಹೋದದ್ದನ್ನು ಓದಿಸಿದೆ. ಪಾಸಾದಳು. ಆದರೆ ಬೇಡದ ಎರಡು ಯೂನಿಟ್ ಓದಿ ಅವಳು ಕಳೆದ ರಾತ್ರಿಗಳು ನನ್ನ ಮನಸ್ಸಿನಿಂದ ಹೋಗಲಿಲ್ಲ. ನಮ್ಮದು ಬೆಂಗಳೂರಿನ ಒಂದು ಸರ್ಕಾರಿ ಪ್ರಥಮ ದರ್ಜೆ ಕಾಲೇಜು. ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲನೆಯವರೇ ಇಲ್ಲಿ ಜಾಸ್ತಿ. ಕೇಳೋಣ ಎಂದರೆ ಅಣ್ಣ ಅಕ್ಕ ಯಾರೂ ಓದಿರುವುದಿಲ್ಲ. ಫೋನಿನಲ್ಲಿ ಸಿಕ್ಕಿದ್ದನ್ನೇ ಅವರು ನಂಬುತ್ತಾರೆ.

ಪ್ರಿನ್ಸಿಪಾಲರನ್ನು ಕೇಳಿ, ಕೋರ್ಸ್ ಮಾಹಿತಿಯ ಪುಟಗಳ ಹೊಣೆ ನಾನೇ ತೆಗೆದುಕೊಂಡೆ. ತಪ್ಪು ಎಲ್ಲಾಗಿದೆ ಎಂದು ಮೊದಲ ವಾರವೇ ಗೊತ್ತಾಯಿತು. ಮೆನುವಿನಲ್ಲಿ ಹೊಸ ಸಿಲಬಸ್ ಹಾಕಿದ್ದರು, ಸರಿ. ಆದರೆ ಹಳೆಯ ಪಿಡಿಎಫ್ ಸರ್ವರ್‌ನಲ್ಲಿ ಹಾಗೇ ಇತ್ತು. ಮೆನುವಿನಿಂದ ಲಿಂಕ್ ತೆಗೆದ ಮಾತ್ರಕ್ಕೆ ಫೈಲ್ ಹೋಗುವುದಿಲ್ಲ, ಅದರ ವಿಳಾಸ ಗೂಗಲ್‌ಗೆ ಗೊತ್ತಿದ್ದರೆ ತೋರಿಸುತ್ತಲೇ ಇರುತ್ತದೆ. ನಮ್ಮ ಒಂದೇ ವಿಭಾಗದ ಹೆಸರಿನಲ್ಲಿ ಹದಿನಾಲ್ಕು ಫೈಲ್ ಸಿಕ್ಕವು. ಮೂರಕ್ಕೆ 'ಫೈನಲ್' ಎಂದು ಹೆಸರು. ಒಂದರಲ್ಲೂ ಯಾವ ಬ್ಯಾಚಿನದು ಎಂದು ಬರೆದಿರಲಿಲ್ಲ.

ಹಳೆಯದನ್ನೆಲ್ಲ ಅಳಿಸಿಬಿಡಿ ಎಂದು ಸಹೋದ್ಯೋಗಿಗಳು ಹೇಳಿದರು. ನಾನು ಒಪ್ಪಲಿಲ್ಲ. 2021ರಿಂದ 2023ರವರೆಗೆ ಸೇರಿದವರದು ಎನ್‌ಇಪಿ. ಅದಕ್ಕೂ ಹಿಂದಿನವರದು ಸಿಬಿಸಿಎಸ್, ಅಂದರೆ ಆಯ್ಕೆ ಆಧಾರಿತ ಕ್ರೆಡಿಟ್ ಪದ್ಧತಿ. ಬಾಕಿ ಪೇಪರ್ ಕಟ್ಟುವ ರಿಪೀಟರ್ಸ್‌ಗೆ ಅವರವರ ಸ್ಕೀಮ್‌ನ ಸಿಲಬಸ್ಸೇ ಬೇಕು. ವಿದೇಶಕ್ಕೆ ಓದಲು ಹೋಗುವ ಹಳೆ ವಿದ್ಯಾರ್ಥಿಗಳನ್ನೂ ಅಲ್ಲಿಯವರು ನೀವು ಏನು ಓದಿದ್ದೀರಿ ತೋರಿಸಿ ಎಂದು ಕೇಳುತ್ತಾರೆ. ಹಳೆಯ ಸಿಲಬಸ್ ತಪ್ಪಲ್ಲ, ಅದರ ಮೇಲೆ ಬ್ಯಾಚ್ ಬರೆಯದೇ ಇರುವುದು ತಪ್ಪು.

ಹಾಗಾಗಿ ಪುಟ ತೆರೆದ ಕೂಡಲೇ "ನೀವು ಸೇರಿದ ವರ್ಷ ಯಾವುದು?" ಎಂದು ಕಾಣುವಂತೆ ಮಾಡಿದೆ. ವರ್ಷ ಒತ್ತಿದರೆ ಆ ಬ್ಯಾಚಿನದು ಮಾತ್ರ ಬರುತ್ತದೆ. ಪ್ರತಿ ಪಿಡಿಎಫ್‌ನ ಪ್ರತಿ ಪುಟದ ತಲೆಯಲ್ಲಿ ಬ್ಯಾಚ್ ಹಾಕಿಸಿದೆ. ಪ್ರತಿ ಪುಟ ಯಾಕೆಂದರೆ, ಹುಡುಗರು ತಮಗೆ ಬೇಕಾದ ನಾಲ್ಕೇ ಹಾಳೆ ಪ್ರಿಂಟ್ ತೆಗೆಸುತ್ತಾರೆ.

ವಿಶ್ವವಿದ್ಯಾಲಯದ ಆದೇಶದ ಸಂಖ್ಯೆ, ತಾರೀಖು ಇಲ್ಲದ್ದನ್ನು ಹಾಕುವುದಿಲ್ಲ ಎಂಬ ನಿಯಮವನ್ನೂ ಇಟ್ಟುಕೊಂಡೆ. ಸಿಲಬಸ್ ರೂಪಿಸುವ ಅಧ್ಯಯನ ಮಂಡಳಿಯ ಕರಡು ವಾಟ್ಸಾಪ್‌ನಲ್ಲಿ ಮೊದಲೇ ಓಡಾಡುತ್ತದೆ. ಎಷ್ಟು ಒತ್ತಾಯ ಬಂದರೂ ಅದು ಪುಟಕ್ಕೆ ಹೋಗಬಾರದು.

ಮಾಹಿತಿಗೆಲ್ಲ ಒಂದೇ ಶೀಟ್. ಪೇಪರ್ ಕೋಡ್, ಹೆಸರು, ಕ್ರೆಡಿಟ್ (ಪೇಪರಿನ ತೂಕ), ವಾರದ ಗಂಟೆ, ಬ್ಯಾಚ್, ಆದೇಶದ ತಾರೀಖು, ಕಡೆಯ ಸಲ ಯಾರು ಯಾವತ್ತು ನೋಡಿದರು, ಎಲ್ಲ ಅದರಲ್ಲೇ. ಪ್ರಾಸ್ಪೆಕ್ಟಸ್‌ಗೂ ನೋಟಿಸ್ ಬೋರ್ಡಿಗೂ ಅದರಿಂದಲೇ ತೆಗೆಯಬೇಕು. ಮೊದಲು ಮೂರು ಕಡೆ ಮೂವರು ಬೇರೆ ಬೇರೆ ಟೈಪ್ ಮಾಡುತ್ತಿದ್ದರು, ಒಂದೇ ಪೇಪರಿಗೆ ಮೂರು ಥರ ಕ್ರೆಡಿಟ್ ಇರುತ್ತಿತ್ತು. ತಾಳೆ ನೋಡಲು ಸುಲಭದ ಲೆಕ್ಕ ಒಂದಿದೆ. ಥಿಯರಿಯಾದರೆ ಒಂದು ಕ್ರೆಡಿಟ್‌ಗೆ ವಾರಕ್ಕೆ ಒಂದು ಗಂಟೆ, ಪ್ರಾಕ್ಟಿಕಲ್ ಆದರೆ ಎರಡು ಗಂಟೆ. ಮೂರು ಕ್ರೆಡಿಟ್‌ನ ಥಿಯರಿಗೆ ಐದು ಗಂಟೆ ಎಂದಿದ್ದರೆ ಎರಡರಲ್ಲೊಂದು ತಪ್ಪಿರಬೇಕು ಅಲ್ವಾ? ಹೀಗೇ ಆರು ತಪ್ಪು ಹಿಡಿದೆ.

ಜಾಸ್ತಿ ದಿನ ತಿಂದದ್ದು ಕನ್ನಡ ಪೇಪರ್‌ಗಳು. ಹಳೆಯ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ ಪಿಡಿಎಫ್ ನೋಡಲು ಚೆನ್ನಾಗಿಯೇ ಇರುತ್ತದೆ. ಆದರೆ ಅದರೊಳಗೆ 'ವಚನ' ಎಂದು ಹುಡುಕಿ, ಏನೂ ಸಿಗುವುದಿಲ್ಲ. ಎಲ್ಲ ಕಂಪ್ಯೂಟರ್‌ಗಳೂ ಅಕ್ಷರ ಗುರುತಿಸಲು ಬಳಸುವ ಯುನಿಕೋಡ್ ಅಲ್ಲದ್ದರಿಂದ ಕಂಪ್ಯೂಟರಿಗೆ ಅದು ಕನ್ನಡವೇ ಅಲ್ಲ. ಕನ್ವರ್ಟರ್‌ಗೆ ಹಾಕಿ ಯುನಿಕೋಡ್ ಮಾಡಿದೆ. ಆಮೇಲೆ ಒಂದೊಂದೇ ಸಾಲು ಕಣ್ಣಿಟ್ಟು ಓದಿದೆ, ಯಾಕೆಂದರೆ ಅರ್ಕಾವತ್ತು ಆಗಾಗ ಜಾಗ ತಪ್ಪುತ್ತಿತ್ತು.

ಸ್ಕ್ಯಾನ್ ಮಾಡಿದ ಫೈಲ್‌ಗಳದು ಇನ್ನೊಂದು ಕಷ್ಟ. ಎರಡನೇ ವರ್ಷದಲ್ಲಿ ಕಣ್ಣು ಕಾಣದ ಒಬ್ಬ ವಿದ್ಯಾರ್ಥಿ ಇದ್ದ. ಫೋನಿನ ಟಾಕ್‌ಬ್ಯಾಕ್ ಓದಿ ಹೇಳುವುದನ್ನು ಕೇಳಿಸಿಕೊಂಡು ಓದುತ್ತಾನೆ. ನಮ್ಮ ಸ್ಕ್ಯಾನ್ ಫೈಲ್ ತೆರೆದು ಫೋನನ್ನು ನನ್ನ ಕಿವಿಯ ಹತ್ತಿರ ಹಿಡಿದ. ಪುಟದ ಸಂಖ್ಯೆ ಬಿಟ್ಟರೆ ಒಂದು ಮಾತೂ ಇಲ್ಲ. "ನನಗೆ ಇದು ಖಾಲಿ ಹಾಳೆ ಮೇಡಂ" ಎಂದ. ಆವತ್ತಿನಿಂದ ಸ್ಕ್ಯಾನ್ ಜೊತೆಗೆ ಟೈಪ್ ಮಾಡಿದ ಪ್ರತಿಯೂ ಕಡ್ಡಾಯ. ಫೋನಿನ ಡೇಟಾಗೂ ಅದೇ ಹಗುರ.

ನಡುವೆ, ಇದನ್ನೆಲ್ಲ ಲಾಗಿನ್ ಒಳಗೆ ಇಡೋಣ ಎಂಬ ಸಲಹೆ ಬಂತು. ಖಡಾಖಂಡಿತವಾಗಿ ಬೇಡ ಎಂದೆ. ಪಿಯುಸಿ ಮುಗಿಸಿ, ಕನಕಪುರದಲ್ಲೋ ಮಾಗಡಿಯಲ್ಲೋ ಅಪ್ಪನ ಫೋನ್ ಹಿಡಿದು ಯಾವ ಕೋರ್ಸ್ ಸೇರಲಿ ಎಂದು ನೋಡುವ ಮಗುವಿಗೆ ಲಾಗಿನ್ ಎಲ್ಲಿಂದ ಬರಬೇಕು? ಜನ ಕೇಳುವ ಮೊದಲೇ ಮಾಹಿತಿ ಪ್ರಕಟಿಸಿ ಎಂದು 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ಸರ್ಕಾರಿ ಸಂಸ್ಥೆಗಳಿಗೆ ಹೇಳುತ್ತದೆ. ಅದನ್ನು ಮೀಟಿಂಗಿನಲ್ಲಿ ಓದಿದೆ. ಮಾತು ಅಲ್ಲಿಗೇ ನಿಂತಿತು.

ಈಗ ಪ್ರತಿ ಸೆಮಿಸ್ಟರ್ ಶುರುವಾದಾಗ ಒಂದು ಮಧ್ಯಾಹ್ನ, ತರಗತಿಗೆ ಇಬ್ಬರಂತೆ ವಿದ್ಯಾರ್ಥಿಗಳನ್ನು ಕೂರಿಸಿಕೊಳ್ಳುತ್ತೇನೆ. ಹೊಸಬರ ಹಾಗೆ ತಮ್ಮ ಫೋನಿನಲ್ಲಿ ಗೂಗಲ್ ಮಾಡಿ, ಬಂದದ್ದನ್ನು ಶೀಟ್ ಜೊತೆ ತಾಳೆ ನೋಡುತ್ತಾರೆ. ನನ್ನ ಕಣ್ಣು ತಪ್ಪಿಸಿಕೊಂಡದ್ದು ಅವರಿಗೆ ಸಿಗುತ್ತದೆ. ತಿದ್ದಿದ ಮೇಲೆ ಏನು ಬದಲಾಯಿತು, ಯಾವ ದಿನ ಎಂದು ಪುಟದ ಮೇಲೆಯೇ ಬರೆಯುತ್ತೇವೆ, ಸುಮ್ನೆ ತಿದ್ದಿ ಮುಚ್ಚಿಡುವುದಿಲ್ಲ.

ನನಗೆ ಯಾವಾಗ ಬೇಕಾದರೂ ವರ್ಗಾವಣೆ ಆಗಬಹುದು. ಅದಕ್ಕೇ ಈ ಕೆಲಸದ ಕ್ರಮವನ್ನು ಎರಡು ಹಾಳೆಯಲ್ಲಿ ಬರೆದು, ಪಾಸ್‌ವರ್ಡ್ ಜೊತೆ ಲಕೋಟೆಗೆ ಹಾಕಿ ಪ್ರಿನ್ಸಿಪಾಲರ ಬೀರುವಿನಲ್ಲಿ ಇಟ್ಟಿದ್ದೇನೆ. ಕನ್ನಡ ವಿಭಾಗದ ಕಿರಿಯ ಮೇಡಂ ಒಬ್ಬರು ಕಲಿಯುತ್ತಿದ್ದಾರೆ. ಸಿಬಿಸಿಎಸ್ ಕಾಲದ ಸ್ಕ್ಯಾನ್‌ಗಳನ್ನು ಟೈಪ್ ಮಾಡಿಸುವುದು ಇನ್ನೂ ಉಳಿದಿದೆ, ಹೋದ ವಾರ ಅವರೇ ಶುರು ಮಾಡಿದರು.