ಪಿಟಿಎ ಖಜಾಂಚಿಯ ಕೆಲಸ: ಕ್ಯಾಲಿಫೋರ್ನಿಯಾದ ಸರ್ಕಾರಿ ಶಾಲೆಯಲ್ಲಿ ಪೋಷಕರ ಹಣ ಕೇಳುವ ಬಗೆ

ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ಬೇ ಏರಿಯಾದ ಎಲಿಮೆಂಟರಿ ಶಾಲೆಯೊಂದರ ಪಿಟಿಎಯಲ್ಲಿ (ಪೋಷಕ-ಶಿಕ್ಷಕರ ಸಂಘ) ಖಜಾಂಚಿ ಕೆಲಸ ನೋಡಿಕೊಳ್ಳುತ್ತೇನೆ. ಫ್ರೀಮಾಂಟ್, ಕ್ಯುಪರ್ಟಿನೊ, ಸನ್ನಿವೇಲ್ ಕಡೆ ಕನ್ನಡದ ಪೋಷಕರು ಈಗ ಬೇಕಾದಷ್ಟು ಜನ ಇದ್ದಾರೆ, ಅವರಲ್ಲಿ ಹಲವರು ಈ ಕೆಲಸಕ್ಕೆ ಹೆಸರು ಕೊಡುತ್ತಿದ್ದಾರೆ. ಅವರಿಗೆ ಉಪಯೋಗವಾಗಲಿ ಎಂದು ನಾವು ಹೇಗೆ ನಡೆಸುತ್ತೇವೆ ಅನ್ನುವುದನ್ನು ಬರೆಯುತ್ತಿದ್ದೇನೆ.

ಮೊದಲು ಕಾನೂನು. ರಾಜ್ಯದ ಎಜುಕೇಷನ್ ಕೋಡ್ 49010ರಿಂದ 49013ರವರೆಗಿನ ಸೆಕ್ಷನ್‌ಗಳು 2013ರ ಜನವರಿಯಿಂದ ಜಾರಿಯಲ್ಲಿವೆ. ಇದರ ಬುಡ ಇರುವುದು 1984ರ ಹಾರ್ಟ್‌ಜೆಲ್ ತೀರ್ಪಿನಲ್ಲಿ. ನಾಟಕ, ಸಂಗೀತ, ಆಟೋಟಗಳಿಗೂ ಸರ್ಕಾರಿ ಶಾಲೆ ಶುಲ್ಕ ಹಾಕುವಂತಿಲ್ಲ ಎಂದು ರಾಜ್ಯದ ಸುಪ್ರೀಂ ಕೋರ್ಟ್ ಆಗ ಹೇಳಿತು. ಈಗಿನ ಕಾನೂನಿನ ಸಾರ ಇಷ್ಟು: ಶಾಲೆಯ ಶೈಕ್ಷಣಿಕ ಚಟುವಟಿಕೆಯಲ್ಲಿ ಭಾಗವಹಿಸಲು ಮಗುವಿನಿಂದ ಹಣ ಕೇಳುವಂತಿಲ್ಲ. ಪುಸ್ತಕ, ಪಾಠಕ್ಕೆ ಬೇಕಾದ ಕ್ಯಾಲ್ಕುಲೇಟರ್, ವಾದ್ಯ, ಬೀಗಕ್ಕೆ ಕಟ್ಟುವ ಡಿಪಾಸಿಟ್ ಎಲ್ಲವೂ ಇದರಲ್ಲಿ ಬಂತು. ಸ್ವಇಚ್ಛೆಯ ದೇಣಿಗೆಗೆ ಮಾತ್ರ ಅಡ್ಡಿಯಿಲ್ಲ.

ಬಹಳ ಜನ ಎಡವುವುದು ವಿನಾಯಿತಿಯ ವಿಷಯದಲ್ಲಿ. ‘ಪ್ರವಾಸಕ್ಕೆ ಎಲ್ಲರೂ 40 ಡಾಲರ್ ಕೊಡಿ, ಕಷ್ಟವಿದ್ದವರು ಪ್ರಿನ್ಸಿಪಾಲರನ್ನು ಕಾಣಿ, ಮಾಫಿ ಇದೆ’ ಎಂದು ಬರೆದರೆ ಕೇಳುವುದಕ್ಕೆ ನ್ಯಾಯವಾಗಿಯೇ ಇದೆ. ಆದರೆ ಮಾಫಿ ಇದೆ ಎಂದ ಮಾತ್ರಕ್ಕೆ ಶುಲ್ಕ ಸಕ್ರಮವಾಗುವುದಿಲ್ಲ ಎಂದು 49011 ಬಿಡಿಸಿ ಹೇಳುತ್ತದೆ. ಹಣ ಕೊಟ್ಟವರಿಗೆ ಕೋರ್ಸಿನ ಕ್ರೆಡಿಟ್ ಅಥವಾ ಕಲಿಕೆಗೆ ಸಂಬಂಧಿಸಿದ ಸವಲತ್ತು ಕೊಡುವುದು, ಕೊಡದವರಿಂದ ಅದನ್ನು ಕಿತ್ತುಕೊಳ್ಳುವುದು ಎರಡೂ ನಿಷಿದ್ಧ. ಯಾರಾದರೂ ದೂರು ಕೊಟ್ಟರೆ, ಹೆಸರು ಹಾಕದೆ ಕೂಡ ಕೊಡಬಹುದು, ಡಿಸ್ಟ್ರಿಕ್ಟ್ (ಆ ಭಾಗದ ಸರ್ಕಾರಿ ಶಾಲೆಗಳನ್ನು ನಡೆಸುವ ಸಂಸ್ಥೆ) 60 ದಿನದೊಳಗೆ ತೀರ್ಮಾನಿಸಬೇಕು. ದೂರಿನಲ್ಲಿ ಹುರುಳಿದ್ದರೆ ದೂರು ಕೊಟ್ಟವರಿಗಷ್ಟೇ ಅಲ್ಲ, ಕಟ್ಟಿದ ಎಲ್ಲ ಪೋಷಕರಿಗೂ ಹಣ ವಾಪಸ್ ಕೊಡಬೇಕಾಗುತ್ತದೆ. ಅಷ್ಟು ಹೊತ್ತಿಗೆ ಬಸ್ಸಿನವರಿಗೆ ದುಡ್ಡು ಹೋಗಿ ತಿಂಗಳಾಗಿರುತ್ತದೆ.

ಹಾಗಾಗಿ ಪತ್ರದ ಒಕ್ಕಣೆಯೇ ಅರ್ಧ ಕೆಲಸ. ಐದನೇ ತರಗತಿಯ ಸೈನ್ಸ್ ಕ್ಯಾಂಪ್ ತೆಗೆದುಕೊಳ್ಳಿ. ಹೊರಾಂಗಣ ವಿಜ್ಞಾನ ಶಿಬಿರಕ್ಕೆ ಸೆಕ್ಷನ್ 35335 ಹಣ ಕೇಳಲು ಬಿಡುತ್ತದೆ, ಆದರೆ ಅದು ಕಡ್ಡಾಯವಾಗಿರಬಾರದು, ಕೊಡಲಿಲ್ಲವೆಂದು ಯಾವ ಮಗುವನ್ನೂ ಬಿಟ್ಟು ಹೋಗಬಾರದು. ನಾವು ಬರೆಯುವುದು ಹೀಗೆ: ‘ಪ್ರತಿ ಮಗುವಿಗೆ ಸುಮಾರು 400 ಡಾಲರ್ ಖರ್ಚಾಗುತ್ತದೆ. ನಿಮ್ಮ ಕೈಲಾದಷ್ಟು ದೇಣಿಗೆ ಕೊಡಬಹುದು. ದೇಣಿಗೆ ಕೊಟ್ಟರೂ ಕೊಡದಿದ್ದರೂ ಎಲ್ಲ ಮಕ್ಕಳೂ ಹೋಗುತ್ತಾರೆ. ಒಟ್ಟು ಹಣ ಸಾಲದಿದ್ದರೆ ಶಿಬಿರ ರದ್ದಾಗಬಹುದು.’ ಕೊನೆಯ ವಾಕ್ಯ ನಿಜವಿದ್ದರೆ ಬರೆಯಲು ತೊಂದರೆಯಿಲ್ಲ. ‘ಫೀ’, ‘ಬಾಕಿ’, ‘ಕಡೇ ದಿನಾಂಕ’ ಅನ್ನುವ ಪದಗಳು ಎಲ್ಲೂ ಇರಬಾರದು. ಒಪ್ಪಿಗೆ ಪತ್ರವನ್ನೂ ದೇಣಿಗೆಯ ಲಕೋಟೆಯನ್ನೂ ಒಂದೇ ಹಾಳೆಯಲ್ಲಿ ಅಚ್ಚು ಹಾಕಿಸಬೇಡಿ. ಸಹಿ ಕಡ್ಡಾಯ, ಚೆಕ್ ಐಚ್ಛಿಕ. ಎರಡನ್ನೂ ಒಟ್ಟಿಗೆ ಕಂಡವರು ಎರಡೂ ಕಡ್ಡಾಯವೆಂದೇ ತಿಳಿಯುತ್ತಾರೆ. ಬೆಂಗಳೂರಿನ ಖಾಸಗಿ ಶಾಲೆಗಳಿಗೆ ಹಣ ಕಟ್ಟಿ ರೂಢಿಯಾಗಿರುವ ನಮ್ಮವರಂತೂ ಓದದೆಯೇ ಚೆಕ್ ಬರೆದುಬಿಡುತ್ತಾರೆ. ಯಾರು ಕೊಟ್ಟರು, ಯಾರು ಕೊಡಲಿಲ್ಲ ಎಂಬ ಪಟ್ಟಿ ಟೀಚರ್ ಕೈಗೆ ಹೋಗಕೂಡದು. ಮಗುವಿನ ಮೂಲಕ ನೆನಪೋಲೆ ಕಳಿಸುವುದಂತೂ ಬೇಡವೇ ಬೇಡ.

ಲೆಕ್ಕ ಹಾಕುವಾಗ ಎಲ್ಲರೂ ಕೊಡುತ್ತಾರೆ ಎಂದು ಹಾಕಬೇಡಿ. 60 ಮಕ್ಕಳು, ತಲಾ 400 ಎಂದರೆ 24,000 ಡಾಲರ್. ಮುಕ್ಕಾಲು ಪಾಲು ಬಂದರೆ 18,000. ಉಳಿದ 6,000 ಎಲ್ಲಿಂದ ಎನ್ನುವುದು ಶಿಬಿರದವರ ಜೊತೆ ಕರಾರಿಗೆ ಸಹಿ ಬೀಳುವ ಮೊದಲೇ ಪಿಟಿಎ ಬಜೆಟ್ಟಿನಲ್ಲಿ ಇರಬೇಕು, ಆ ಬಜೆಟ್ ಸದಸ್ಯರ ಸಭೆಯಲ್ಲಿ ಪಾಸಾಗಿ ನಡಾವಳಿಯಲ್ಲಿ ದಾಖಲಾಗಿರಬೇಕು.

ಇನ್ನೊಂದು ಸಲಹೆ ವರ್ಷಾವರ್ಷ ಬರುತ್ತದೆ: ‘ಯಾವ ಮಗು ಎಷ್ಟು ಚಾಕೊಲೇಟ್ ಮಾರಿತೋ ಅದರ ಲಾಭ ಅದೇ ಮಗುವಿನ ಖರ್ಚಿಗೆ ಹಾಕೋಣ, ದುಡಿದವರಿಗೆ ದಕ್ಕಲಿ.’ ಮಾಡಬೇಡಿ. ಪಿಟಿಎ 501(ಸಿ)(3) ಸಂಸ್ಥೆ, ಅಂದರೆ ತೆರಿಗೆ ವಿನಾಯಿತಿ ಪಡೆದ ದಾನಧರ್ಮದ ಸಂಸ್ಥೆ. ಹೀಗೆ ವೈಯಕ್ತಿಕ ಖಾತೆ ಇಟ್ಟರೆ ಖಾಸಗಿ ಲಾಭಕ್ಕೆ ಕೆಲಸ ಮಾಡಿದಂತಾಗುತ್ತದೆ. ಜಿಮ್ನಾಸ್ಟಿಕ್ಸ್ ಪೋಷಕರ ಕ್ಲಬ್ ಒಂದು ಇದೇ ಪದ್ಧತಿಯಿಂದ ತೆರಿಗೆ ವಿನಾಯಿತಿ ಕಳೆದುಕೊಂಡದ್ದನ್ನು 2013ರಲ್ಲಿ ಅಮೆರಿಕದ ತೆರಿಗೆ ನ್ಯಾಯಾಲಯ ಎತ್ತಿಹಿಡಿದಿದೆ. ಬಂದದ್ದೆಲ್ಲ ಒಂದೇ ಹುಂಡಿಗೆ, ಖರ್ಚು ಎಲ್ಲ ಮಕ್ಕಳಿಗೆ.

ಹಣ ಎಣಿಸುವ ಕ್ರಮದಲ್ಲಿ ನಾನು ಯಾರಿಗೂ ರಿಯಾಯಿತಿ ಕೊಡುವುದಿಲ್ಲ. ಮೇಳದ ದಿನ ಪೆಟ್ಟಿಗೆಯಲ್ಲಿ ಚಿಲ್ಲರೆಗೆಂದು 100 ಡಾಲರ್ ಇಡುತ್ತೇವೆ, ಒಂದು ಮತ್ತು ಐದರ ನೋಟುಗಳಲ್ಲಿ. ಮುಗಿದ ಮೇಲೆ ಶಾಲೆಯ ಕೋಣೆಯಲ್ಲೇ ಇಬ್ಬರು ಕೂತು ಎಣಿಸುತ್ತಾರೆ. ಇಬ್ಬರೂ ಒಂದೇ ಮನೆಯವರಾಗಿರಬಾರದು. ನೋಟು, ನಾಣ್ಯ, ಚೆಕ್ ಬೇರೆ ಬೇರೆ ಸಾಲಿನಲ್ಲಿ ಬರೆದು, ಚಿಲ್ಲರೆಯ 100 ಕಳೆದು, ಇಬ್ಬರೂ ಪೆನ್ನಿನಲ್ಲಿ ಸಹಿ ಹಾಕಬೇಕು. ಅದೇ ದಿನ ಬ್ಯಾಂಕಿಗೆ; ಬಾಗಿಲು ಹಾಕಿದ್ದರೆ ಬ್ಯಾಂಕಿನ ಹೊರಗಿನ ನೈಟ್ ಡ್ರಾಪ್ ಪೆಟ್ಟಿಗೆಗೆ. ಮನೆಗೆ ಒಯ್ಯುವಂತಿಲ್ಲ. ಪಿಜ್ಜಾದವನು ಬಂದು ನಿಂತನೆಂದು ಪೆಟ್ಟಿಗೆಯಿಂದ 60 ಡಾಲರ್ ತೆಗೆದು ಕೊಟ್ಟರೆ ಮಾರಾಟದ ಲೆಕ್ಕಕ್ಕೂ ಜಮೆಗೂ ತಾಳೆಯಾಗುವುದಿಲ್ಲ, ಮುಂದೆ ಆಡಿಟ್ ಮಾಡುವವರಿಗೆ ಆ 60 ಎಲ್ಲಿ ಹೋಯಿತೆಂದು ತೋರಿಸಲು ಏನೂ ಇರುವುದಿಲ್ಲ. ಬಂದದ್ದು ಪೂರ್ತಿ ಜಮೆ, ಕೊಡುವುದು ರಸೀದಿ ನೋಡಿ ಚೆಕ್‌ನಲ್ಲಿ, ಚೆಕ್‌ಗೆ ಎರಡು ಸಹಿ. ಗಂಡ ಅಧ್ಯಕ್ಷ, ಹೆಂಡತಿ ಖಜಾಂಚಿ ಎಂಬ ಜೋಡಿಯ ಸಹಿ ನಡೆಯದು. ಖಾಲಿ ಚೆಕ್‌ಗೆ ಮೊದಲೇ ಸಹಿ ಹಾಕಿಡುವುದು, ಯಾರದೋ ಸ್ವಂತ ವೆನ್ಮೊ (ಹಣ ಕಳಿಸುವ ಆ್ಯಪ್) ಖಾತೆಗೆ ಹಣ ಹಾಕಿಸಿಕೊಳ್ಳುವುದು, ಇವೆರಡೂ ಅನುಕೂಲದ ಹೆಸರಲ್ಲಿ ನುಸುಳುವ ಕೆಟ್ಟ ಅಭ್ಯಾಸಗಳು.

ರಾಫಲ್ (ಟಿಕೆಟ್ ಮಾರಿ, ಚೀಟಿ ಎತ್ತಿ ಬಹುಮಾನ ಕೊಡುವ ಲಾಟರಿ) ಇಡುವುದಿದ್ದರೆ ರಾಜ್ಯದ ಅಟಾರ್ನಿ ಜನರಲ್ ಕಚೇರಿಯಲ್ಲಿ ಮುಂಚೆಯೇ ನೋಂದಣಿ ಆಗಬೇಕು. ಪೀನಲ್ ಕೋಡ್ 320.5ರ ಪ್ರಕಾರ ಟಿಕೆಟ್ ಮಾರಿ ಬಂದ ಹಣದಲ್ಲಿ ಶೇ 90 ಸಂಸ್ಥೆಯ ಉದ್ದೇಶಕ್ಕೇ ಹೋಗಬೇಕು. ಅರ್ಧ ಗೆದ್ದವರಿಗೆ, ಅರ್ಧ ಶಾಲೆಗೆ ಎಂಬ ‘ಫಿಫ್ಟಿ-ಫಿಫ್ಟಿ’ ಆಟ ಹಾಗಾಗಿ ಇಲ್ಲಿ ಅಕ್ರಮ, ಬೇರೆ ರಾಜ್ಯದಿಂದ ಬಂದ ಪೋಷಕರು ಎಷ್ಟೇ ಆಸೆಪಟ್ಟರೂ. ಟಿಕೆಟ್‌ಗಳನ್ನು ಇಂಟರ್ನೆಟ್‌ನಲ್ಲಿ ಮಾರುವಂತಿಲ್ಲ. ಬಹುಮಾನವನ್ನು ಅಂಗಡಿಗಳಿಂದ ದಾನವಾಗಿ ಪಡೆದರೆ ಶೇ 90ರ ಲೆಕ್ಕ ಸಲೀಸು.

ದೀಪಾವಳಿ ಸ್ಟಾಲ್ ನಮ್ಮವರ ಅಚ್ಚುಮೆಚ್ಚು. ಇಲ್ಲಿ ಅಡ್ಡ ಬರುವುದು ಕೇಂದ್ರದ ಸ್ಮಾರ್ಟ್ ಸ್ನ್ಯಾಕ್ಸ್ ನಿಯಮ: ಶಾಲಾ ದಿನದಲ್ಲಿ ಮಕ್ಕಳಿಗೆ ಮಾರುವ ತಿಂಡಿ 200 ಕ್ಯಾಲರಿ, 200 ಮಿಲಿಗ್ರಾಂ ಸೋಡಿಯಂ ದಾಟಬಾರದು, ಕ್ಯಾಲರಿಯಲ್ಲಿ ಕೊಬ್ಬಿನ ಪಾಲು ಶೇ 35 ಮೀರಬಾರದು. ಕರಿದ ಚಕ್ಲಿಗೆ ಇದು ಒಗ್ಗುವುದಿಲ್ಲ, ಮೈಸೂರು ಪಾಕ್ ಮಾತೇ ಬೇಡ. ಆದರೆ ಶಾಲಾ ದಿನ ಎಂದರೆ ಹಿಂದಿನ ಮಧ್ಯರಾತ್ರಿಯಿಂದ ಕೊನೆಯ ಗಂಟೆ ಹೊಡೆದು 30 ನಿಮಿಷದವರೆಗೆ. ಎರಡೂವರೆಗೆ ಶಾಲೆ ಬಿಟ್ಟರೆ ಮೂರಕ್ಕೆ ಸ್ಟಾಲ್ ತೆರೆಯಿರಿ, ಆಯಿತು. ಮನೆಯಲ್ಲಿ ಮಾಡಿದ್ದು ಆಗುತ್ತದೋ ಅಂಗಡಿಯ ಪ್ಯಾಕೆಟ್ಟೇ ಬೇಕೋ ಎಂಬುದು ಡಿಸ್ಟ್ರಿಕ್ಟಿನಿಂದ ಡಿಸ್ಟ್ರಿಕ್ಟಿಗೆ ಬೇರೆ, ಪ್ರಿನ್ಸಿಪಾಲರನ್ನು ಮೊದಲೇ ಕೇಳಿ. ಪ್ರತಿ ತಟ್ಟೆಯ ಮುಂದೆ ಗೋಡಂಬಿ, ಕಡಲೆಕಾಯಿ, ಹಾಲು, ಎಳ್ಳು ಇದೆಯೇ ಎಂದು ಚೀಟಿ ಇಡಿ. 2023ರಿಂದ ಎಳ್ಳೂ ಅಮೆರಿಕದ ಪ್ರಮುಖ ಅಲರ್ಜಿ ಪಟ್ಟಿಯಲ್ಲಿದೆ, ಚಕ್ಲಿಯಲ್ಲಿ ಎಳ್ಳಿರುತ್ತದೆ ಎಂಬುದು ಬೇರೆಯವರಿಗೆ ಗೊತ್ತಿರುವುದಿಲ್ಲ.

ಕಂಪನಿಗಳ ಮ್ಯಾಚಿಂಗ್ ಹಣ ಇಲ್ಲಿ ದೊಡ್ಡ ಮೊತ್ತ. ಪೋಷಕರು 500 ಕೊಟ್ಟರೆ ಅವರು ಕೆಲಸ ಮಾಡುವ ಕಂಪನಿಯೂ 500 ಹಾಕುತ್ತದೆ, ಕೆಲವು ತಿಂಗಳು ತಡವಾಗಿ. ಈ ವರ್ಷದ ಖರ್ಚಿಗೆ ಆ ಹಣವನ್ನು ನಂಬಿ ಕೂರಬೇಡಿ. ಒಂದೇ ಸಲ 250 ಡಾಲರ್ ಅಥವಾ ಹೆಚ್ಚು ಕೊಟ್ಟವರಿಗೆ ಲಿಖಿತ ಸ್ವೀಕೃತಿ ಬೇಕು, ಪ್ರತಿಯಾಗಿ ಏನನ್ನೂ ಕೊಟ್ಟಿಲ್ಲ ಎಂಬ ಸಾಲು ಅದರಲ್ಲಿರಬೇಕು. 100 ಡಾಲರ್ ಔತಣಕೂಟದ ಟಿಕೆಟ್‌ನಲ್ಲಿ ಊಟದ ಬೆಲೆ 40 ಎಂದರೆ ದೇಣಿಗೆ 60 ಮಾತ್ರ, 75 ಡಾಲರ್ ಮೀರಿದ ಇಂಥ ಟಿಕೆಟ್‌ಗೆ ಅದನ್ನು ನಾವೇ ಬರೆದು ತಿಳಿಸಬೇಕು.

ಸಂಗೀತ ಅಥವಾ ಕಲೆಯ ಟೀಚರ್ ಬೇಕೆಂದರೆ ಪಿಟಿಎ ನೇರವಾಗಿ ಸಂಬಳ ಕೊಡಬೇಡಿ. ಉದ್ದೇಶ ಬರೆದ ಪತ್ರದೊಂದಿಗೆ ಡಿಸ್ಟ್ರಿಕ್ಟ್ ಹೆಸರಿಗೆ ಚೆಕ್ ಕೊಡಿ. ಡಿಸ್ಟ್ರಿಕ್ಟಿನ ಆಡಳಿತ ಬೋರ್ಡ್ ತನ್ನ ಸಭೆಯಲ್ಲಿ ಅದನ್ನು ದಾನವೆಂದು ಸ್ವೀಕರಿಸುತ್ತದೆ, ನೇಮಕ ಅವರದು. ಪಾಲೊ ಆಲ್ಟೊದಲ್ಲಿ ಸಿಬ್ಬಂದಿಗೆಂದು ಎತ್ತುವ ಹಣ ಇಡೀ ಡಿಸ್ಟ್ರಿಕ್ಟಿಗೆ ಒಂದೇ ನಿಧಿ, ಹಂಚಿಕೆ ಮಕ್ಕಳ ಸಂಖ್ಯೆಯ ಮೇಲೆ. ಸಿರಿವಂತರ ಬೀದಿಯ ಶಾಲೆಗೆ ಎರಡು ಟೀಚರ್, ಪಕ್ಕದ ಶಾಲೆಗೆ ಒಂದೂ ಇಲ್ಲ ಎಂಬ ಸ್ಥಿತಿಗೆ ಇದಕ್ಕಿಂತ ಒಳ್ಳೆಯ ಮದ್ದು ನನಗೆ ಕಂಡಿಲ್ಲ.

ವರ್ಷದ ಕೊನೆಗೆ ಕಾಗದಪತ್ರ. ಲೆಕ್ಕದ ವರ್ಷ ಜೂನ್ 30ಕ್ಕೆ ಮುಗಿದರೆ ಐಆರ್‌ಎಸ್‌ಗೆ (ಕೇಂದ್ರದ ತೆರಿಗೆ ಇಲಾಖೆ) ವಾರ್ಷಿಕ ವರದಿಯನ್ನು ನವೆಂಬರ್ 15ರೊಳಗೆ ಸಲ್ಲಿಸಬೇಕು. ಒಟ್ಟು ಆದಾಯ ಸಾಮಾನ್ಯವಾಗಿ 50,000 ಡಾಲರ್ ಒಳಗಿದ್ದರೆ 990-ಎನ್ ಎಂಬ ಪುಟ್ಟ ನಮೂನೆ ಸಾಕು, ಹತ್ತು ನಿಮಿಷದ ಕೆಲಸ. ಅದನ್ನೇ ಸತತ ಮೂರು ವರ್ಷ ಮರೆತರೆ ವಿನಾಯಿತಿ ತಾನಾಗಿ ರದ್ದು. ಖಜಾಂಚಿಗಳು ಬದಲಾಗುತ್ತಾ ಇರುವುದರಿಂದ ಇದು ಆಗುವುದೇ ಹಾಗೆ: ಹಿಂದಿನವರು ಮಾಡಿದ್ದಾರೆ ಎಂದು ಮುಂದಿನವರು ಅಂದುಕೊಳ್ಳುತ್ತಾರೆ. ರಾಜ್ಯಕ್ಕೆ ಸಲ್ಲಿಸುವ ಆರ್‌ಆರ್‌ಎಫ್-1 ಮತ್ತು 199-ಎನ್ ನಮೂನೆಗಳು ಬೇರೆ. ಅಧಿಕಾರ ಒಪ್ಪಿಸುವಾಗ ಇಐಎನ್ (ಸಂಸ್ಥೆಯ ತೆರಿಗೆ ಸಂಖ್ಯೆ) ಪತ್ರ, ಹಿಂದಿನ ಮೂರು ವರ್ಷದ ಫೈಲಿಂಗ್ ಸ್ವೀಕೃತಿ, ಮ್ಯಾಚಿಂಗ್ ಪೋರ್ಟಲ್‌ಗಳ ಲಾಗಿನ್ ಕೈಗೆ ಕೊಡಿ, ಬ್ಯಾಂಕಿನ ಸಹಿದಾರರ ಹೆಸರು ಬದಲಾಯಿಸಿ. ಲಾಗಿನ್‌ಗಳು ಯಾರದೋ ಸ್ವಂತ ಇಮೇಲ್‌ಗೆ ಕಟ್ಟಿದ್ದರೆ ಅವರು ಊರು ಬಿಡುವ ಮೊದಲೇ ಪಿಟಿಎ ಇಮೇಲ್‌ಗೆ ವರ್ಗಾಯಿಸಿಕೊಳ್ಳಿ.