ಗಣಿತದ ಮೇಷ್ಟರ ಶಾಸನಪಾಠ: ಓರೆಬೆಳಕು ಮತ್ತು ಅರವತ್ತರ ಲೆಕ್ಕ

ಪಡಿಯಚ್ಚು (ಕಲ್ಲಿನ ಮೇಲೆ ಕಾಗದ ಬಡಿದು, ಮಸಿ ಹಚ್ಚಿ ತೆಗೆಯುವ ಅಕ್ಷರಗಳ ಪ್ರತಿ) ತೆಗೆಯದೆ ಸವೆದ ಶಾಸನವನ್ನು ಓದಲಾಗದು, ಅದರಲ್ಲೂ ಕೊಡಗಿನ ಮಳೆಗೆ ಹಾವಸೆ ಹಿಡಿದ ಕಲ್ಲನ್ನು ಒಬ್ಬ ಗಣಿತದ ಮೇಷ್ಟರು ಓದುವುದು ದೂರದ ಮಾತು ಎಂದು ನಮ್ಮ ಸ್ಟಾಫ್ ರೂಮಿನಲ್ಲಿಯೂ, ವಿಷಯ ಬಲ್ಲ ಹಿರಿಯರೊಬ್ಬರ ಬಾಯಿಂದಲೂ ಕೇಳಿದ್ದೆ. ಹೋದ ಬೇಸಿಗೆಯಲ್ಲಿ ಆ ಹಿರಿಯರೇ ಬಂದು ಶನಿವಾರಸಂತೆಯ ಕಡೆಯ ಒಂದು ವೀರಗಲ್ಲಿನ ಪಡಿಯಚ್ಚು ತೆಗೆದು ಓರೆಬೆಳಕಿನಲ್ಲಿ ನಾನು ಓದಿ ಬರೆದುಕೊಂಡಿದ್ದ ಪಾಠದೊಡನೆ ಹೋಲಿಸಿದಾಗ, ಒಂದೆರಡು ಅಕ್ಷರಗಳ ಹೊರತು ಉಳಿದದ್ದೆಲ್ಲ ಸರಿಹೊಂದಿತು. ಅಷ್ಟಾದ ಮೇಲೆಯೇ ಇದನ್ನು ಬರೆಯುತ್ತಿದ್ದೇನೆ. ಲಿಪಿಯ ಬೆಳವಣಿಗೆಯನ್ನೂ ಪಡಿಯಚ್ಚಿನ ಕ್ರಮವನ್ನೂ ಬಲ್ಲವರಿಗೆ ಅವನ್ನು ಮತ್ತೆ ವಿವರಿಸುವ ಅಗತ್ಯವಿಲ್ಲ.

ನಾನೂ ಮೊದಲು ಹಿಡಿದದ್ದು ಕಾಗದ ಮತ್ತು ಮಸಿಯನ್ನೇ. ಕೈಕಾಗದ, ಮಸಿ, ಬಡಿಯುವ ಬ್ರಷ್ಷು ಎಲ್ಲ ಸೇರಿ ನಾಲ್ಕು ಸಾವಿರದಷ್ಟು ಖರ್ಚಾಗಿರಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗಂತೂ ಆ ಕೆಲಸವನ್ನು ನೆನೆಯುವಂತಿಲ್ಲ. ಅಕ್ಟೋಬರ್‌ನಲ್ಲಿಯೂ ಬೆಳಗಿನ ಮಂಜಿಗೆ ಕಾಗದ ಒಣಗದು, ಒಣಗದ ಕಾಗದದ ಮೇಲೆ ಮಸಿ ಹರಡುತ್ತದೆ, ಒಣಗಲೆಂದು ಬಿಟ್ಟರೆ ಮಧ್ಯಾಹ್ನದ ಗಾಳಿ ಅಂಚು ಎಬ್ಬಿಸಿ ಹರಿದುಹಾಕುತ್ತದೆ. ಕಾಲಿಗೆ ಹತ್ತುವ ಜಿಗಣೆಗಳ ವಿಷಯ ಬೇರೆ. ಮನೆಯಲ್ಲಿ ಈ ಖರ್ಚಿನ ಬಗ್ಗೆ ಮಾತು ಬಂದ ಮೇಲೆ ಕಾಗದವನ್ನು ಬಿಟ್ಟೆ.

ಓರೆಬೆಳಕು, ಅಂದರೆ ಕಲ್ಲಿನ ಮೈಗೆ ಬದಿಯಿಂದ ಬೆಳಕು ಬಿಟ್ಟು ಕೊರೆದ ಅಕ್ಷರದ ನೆರಳು ನೋಡುವುದು, ಹೊಸದೇನೂ ಅಲ್ಲ. ಆದರೆ ಅದಕ್ಕೆ ಕತ್ತಲೆ ಬೇಕು, ನಮ್ಮ ಕಡೆ ಕತ್ತಲಾದ ಮೇಲೆ ಆನೆಗಳಿರುವ ತೋಟದಲ್ಲಿ ಕುಳಿತು ಅಕ್ಷರ ಓದುವ ಸಾಹಸ ಯಾರಿಗೂ ಬೇಡ. ಆದ್ದರಿಂದ ಕಾಫಿ ಒಣಗಿಸುವ ಹಳೆಯ ಟಾರ್ಪಾಲನ್ನು ನಾಲ್ಕು ಬಿದಿರುಗಳಿಗೆ ಕಟ್ಟಿ, ಒಳಗೆ ಕಪ್ಪು ಕಂಬಳಿ ಇಳಿಬಿಟ್ಟು, ಹಗಲಿನಲ್ಲಿಯೇ ಕತ್ತಲೆ ಮಾಡಿಕೊಂಡೆ. ಟಾರ್ಚಿಗೆ ಒಂಬೈನೂರು, ಟ್ರೈಪಾಡಿಗೆ ಸುಮಾರು ಎರಡು ಸಾವಿರ ಕೊಟ್ಟ ನೆನಪು. ಕ್ಯಾಮೆರಾ ಎಂದರೆ ಕೈಯಲ್ಲಿದ್ದ ಮೊಬೈಲೇ. ಮೊಬೈಲನ್ನು ಅಲುಗಾಡದಂತೆ ನಿಲ್ಲಿಸಿ, ಬೆಳಕನ್ನು ಕಲ್ಲಿನ ಮೈಗೆ ಹೆಚ್ಚುಕಡಿಮೆ ಹತ್ತು ಹದಿನೈದು ಡಿಗ್ರಿಯಲ್ಲಿ ಹಿಡಿದು, ಸುತ್ತಲೂ ಎಂಟು ಹತ್ತು ದಿಕ್ಕುಗಳಿಂದ ಚಿತ್ರ ತೆಗೆದು, ಅವನ್ನು ಒಂದರ ಮೇಲೊಂದು ಇಟ್ಟು ನೋಡುತ್ತೇನೆ. ಬೆಳಕಿನ ದಿಕ್ಕು ತಿರುಗಿದಾಗ ಕೊರೆದ ಗೆರೆಯ ನೆರಳು ಬದಿ ಬದಲಿಸುತ್ತದೆ, ಕಲೆ ಮಾತ್ರ ಇದ್ದಂತೆಯೇ ಇರುತ್ತದೆ. ಬಿರುಕಿನ ನೆರಳೂ ಬದಿ ಬದಲಿಸುವುದರಿಂದ ಉಳಿಯ ಗೆರೆಯನ್ನು ಬಿರುಕಿನಿಂದ ಬೇರ್ಪಡಿಸಲು ನಾನು ಇನ್ನೊಂದು ಉಪಾಯ ಕಂಡುಕೊಂಡಿದ್ದೇನೆ; ಅದನ್ನು ಸದ್ಯಕ್ಕೆ ನನ್ನಲ್ಲಿಯೇ ಇಟ್ಟುಕೊಳ್ಳುತ್ತೇನೆ.

ನಡುವೆ ಕಲ್ಲಿಗೆ ನೀರು ಚಿಮುಕಿಸಿಯೂ ನೋಡಿದೆ. ಮೇಲ್ಮೈ ಮೊದಲು ಆರಿ, ಅಕ್ಷರಗಳ ಗುಳಿಯಲ್ಲಿ ತೇವ ಉಳಿದು, ಕೆಲವು ನಿಮಿಷ ಸಾಲುಗಳು ಕಪ್ಪಗೆ ಎದ್ದು ಕಾಣುತ್ತವೆ. ಬಿಸಿಲಿರುವ ದಿನ, ತೀರಾ ಸವೆಯದ ಕಲ್ಲಿಗೆ ಇದು ಸಾಕು. ಸೀಮೆಸುಣ್ಣ ತಿಕ್ಕುವ ಪದ್ಧತಿ ನನಗೆ ಒಪ್ಪಿಗೆಯಿಲ್ಲ: ತಿಕ್ಕುವವನು ತಾನು ಊಹಿಸಿದ ಅಕ್ಷರವನ್ನೇ ಕಲ್ಲಿನ ಮೇಲೆ ಬರೆದುಬಿಡುತ್ತಾನೆ, ಕಲ್ಲಿಗೂ ಕೇಡು.

ನಿಜವಾದ ಸಂತೋಷ ಸಿಕ್ಕಿದ್ದು ಕಾಲಗಣನೆಯಲ್ಲಿ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಒಂದೇ ಶೇಷ ಪ್ರಮೇಯವನ್ನು ಬೋರ್ಡಿನ ಮೇಲೆ ಬರೆದವನಿಗೆ, ಶಕವರ್ಷಕ್ಕೆ 12 ಕೂಡಿಸಿ 60ರಿಂದ ಭಾಗಿಸಿದರೆ ಉಳಿಯುವ ಶೇಷವೇ, ಅರವತ್ತು ಸಂವತ್ಸರಗಳ ಚಕ್ರದಲ್ಲಿ ಮೊದಲನೆಯದಾದ ಪ್ರಭವದಿಂದ ಎಣಿಸಿದ ಸಂವತ್ಸರದ ಸಂಖ್ಯೆ ಎಂದು ಗೊತ್ತಾದ ದಿನ ನಿದ್ದೆ ಬರಲಿಲ್ಲ. ಶಾಸನತಜ್ಞ ಬಿ.ಎಲ್. ರೈಸ್ 1886ರಲ್ಲಿ ಹೊರತಂದ ಕೊಡಗಿನ ಶಾಸನಗಳ ಸಂಪುಟವನ್ನು ತೆಗೆದು ಒಂದೊಂದೇ ತೇದಿಯನ್ನು ಒರೆಗೆ ಹಚ್ಚತೊಡಗಿದೆ. ಪೆಗ್ಗೂರಿನ ಶಾಸನದ ಶಕ 899ಕ್ಕೆ ಶೇಷ 11, ಅಂದರೆ ಈಶ್ವರ. ಶಾಸನದಲ್ಲಿರುವುದೂ ಈಶ್ವರ ಸಂವತ್ಸರವೇ. ಬಿಳಿಯೂರಿನ ಶಾಸನದ ಶಕ 809ನ್ನು ಕ್ರಿಸ್ತಶಕಕ್ಕೆ ತರಲು ಕಣ್ಣುಮುಚ್ಚಿ 78 ಕೂಡಿಸಿದರೆ 887 ಬರುತ್ತದೆ, ಆದರೆ ತಿಂಗಳು ಫಾಲ್ಗುಣವಾದ್ದರಿಂದ ಅಷ್ಟರಲ್ಲಿ ಕ್ರಿಸ್ತಶಕದ ವರ್ಷ ಮಗುಚಿ 888 ಆಗಿರುತ್ತದೆ. ಲೆಕ್ಕ ಶಾಸನದ ಸಂವತ್ಸರಕ್ಕಿಂತ ಒಂದು ಮನೆ ಮುಂದೆ ಹೋದರೆ ಗಾಬರಿಪಡಬೇಕಿಲ್ಲ. ಬರೆಸಿದವನು ಮುಗಿದ ವರ್ಷಗಳನ್ನಷ್ಟೇ ಅಲ್ಲದೆ ನಡೆಯುತ್ತಿದ್ದ ವರ್ಷವನ್ನೂ ಸೇರಿಸಿ ಎಣಿಸಿದ್ದಾನೆಯೇ ಎಂದು ನೋಡಿ, 12ರ ಬದಲು 11 ಕೂಡಿಸಿದರೆ ಎಷ್ಟೋ ಸಲ ಹೊಂದುತ್ತದೆ.

ಹತ್ತನೆಯ ತರಗತಿಗೆ ಇದನ್ನೇ ಲೆಕ್ಕವಾಗಿ ಕೊಟ್ಟೆ: ಪೆಗ್ಗೂರಿನ 899ರಲ್ಲಿ ನಡುವಿನ ಅಂಕಿ ಅಳಿಸಿದೆ, ಸಂವತ್ಸರ ಈಶ್ವರ, ವರ್ಷ ಯಾವುದು? ಒಬ್ಬಳು ಹುಡುಗಿ ಎದ್ದು, "ಸರ್, 839 ಕೂಡ ಆಗ್ತದಲ್ವಾ?" ಎಂದಳು. ಆಗುತ್ತದೆ. ಅಲ್ಲಿಗೆ ಗಣಿತ ಮುಗಿದು, ಶಾಸನದಲ್ಲಿ ಹೆಸರಿರುವ ಗಂಗರ ರಕ್ಕಸ ಯಾವ ಕಾಲದವನು ಎಂಬ ಚರಿತ್ರೆಯ ಪ್ರಶ್ನೆ ಆರಂಭವಾಗುತ್ತದೆ ಎಂದು ಹೇಳುವ ಮೊದಲೇ ಗಂಟೆ ಹೊಡೆಯಿತು.

ಇನ್ನು ಆ ವೀರಗಲ್ಲು. ಗದ್ದೆಯ ಬದಿಯಲ್ಲಿ ಅರ್ಧ ಹೂತಿದ್ದ ಅದರ ಮೇಲೆ ಶಕವರ್ಷದ ಮೊದಲ ಎರಡು ಅಂಕಿ, 1 ಮತ್ತು 0, ಮಾತ್ರ ಉಳಿದಿದ್ದವು. ಸಂವತ್ಸರದ ಹೆಸರನ್ನು ಎಲ್ಲರೂ 'ವಿರೋಧಿ' ಎಂದು ಓದಿ ಮುಂದೆ ಕಲ್ಲು ಚಕ್ಕೆ ಎದ್ದಿದೆ ಎನ್ನುತ್ತಿದ್ದರು. ವಿರೋಧಿ ಇಪ್ಪತ್ತಮೂರನೆಯದು, ಹಾಗಿದ್ದರೆ ಶಕ 1031 ಅಥವಾ 1091, ನಡುವೆ ಅರವತ್ತು ವರ್ಷಗಳ ಅನುಮಾನ. ಎಡಗಡೆಯ ಕೆಳಗಿನಿಂದ ಬೆಳಕು ಬಿಟ್ಟ ಒಂದೇ ಒಂದು ಚಿತ್ರದಲ್ಲಿ 'ಧಿ'ಯ ಮುಂದೆ 'ಕ'ಕಾರದ ತಲೆಯೂ, ಅದರಡಿ ಋತ್ವದ ಕೊಂಡಿಯೂ ಕಾಣಿಸಿದವು. ಅದು ವಿರೋಧಿಕೃತು, ನಲವತ್ತೈದನೆಯದು. 10ರಿಂದ ಆರಂಭವಾಗುವ ನಾಲ್ಕಂಕಿಯ ಶಕವರ್ಷಗಳಲ್ಲಿ ಅದಕ್ಕೆ ಹೊಂದುವುದು 1053 ಒಂದೇ, ಅಂದರೆ ಕ್ರಿ.ಶ. 1131-32, ಹೊಯ್ಸಳ ವಿಷ್ಣುವರ್ಧನನ ಕಾಲ. ಹಿರಿಯರು ಮೊದಲು ನಂಬಲಿಲ್ಲ. ಪಡಿಯಚ್ಚಿನಲ್ಲಿ ಆ ಕೊಂಡಿ ಮಸುಕಾಗಿ ಮೂಡಿದ ಮೇಲೆ, "ಬರೆದುಕೊಳ್ಳಿ ಮೇಷ್ಟ್ರೇ" ಎಂದರು. ಹೊಗಳಿಕೆ ಎಂದೇ ತೆಗೆದುಕೊಂಡಿದ್ದೇನೆ.

ಮುಳ್ಳೂರಿನ ಬಸದಿಗಳಂಥ ಕಡೆ ಈ ವಿಧಾನವನ್ನು ಬಳಸುವವರು ಮೊದಲು ಅನುಮತಿ ಪಡೆದುಕೊಳ್ಳಬೇಕು. ಕಲ್ಲನ್ನು ಮುಟ್ಟುವುದಿಲ್ಲ ಎಂದು ತಿಳಿಸಿದರೆ ಮಾತು ಸುಲಭವಾಗುತ್ತದೆ. ಈಗ ನಾನು ತಿಥಿ ಮತ್ತು ವಾರಗಳ ಲೆಕ್ಕಕ್ಕೆ ಕೈಹಾಕಿದ್ದೇನೆ. ಚಾಂದ್ರಮಾಸದ ಸರಾಸರಿ 29.53 ದಿನಗಳನ್ನು ಹಿಡಿದು ಎಣಿಸಿದರೆ ಒಂದು ದಿನದ ಆಚೀಚೆ ಬರುತ್ತದೆ, ಆ ಒಂದು ದಿನವೇ ವಾರವನ್ನು ತಪ್ಪಿಸಿಬಿಡುತ್ತದೆ. ಈ ಮಳೆಗಾಲವನ್ನು ಅದಕ್ಕೇ ಮೀಸಲಿಟ್ಟಿದ್ದೇನೆ.